ಸುಭದ್ರೆ ನಿದ್ದೆ ಮಾಡಲಿ ಬಿಡಿ

ಮಗಳೇ,

ನಿನಗೆ ಐದು ತಿಂಗಳು ತುಂಬಿತೆಂದು ಮೈಸೂರಿನಿಂದ ನಿನ್ನ ಅಮ್ಮ ಫೋನ್ ಮಾಡಿದಳು. ಕೇಳಿ ತುಂಬ ಸಂತೋಷವಾಯಿತು. ಅದರ ಬೆನ್ನಿಗೇ ಅವಳು ಹೇಳಿದ ಇನ್ನೊಂದು ಮಾತು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿದೆ. ನೋಯ್ಡಾದ ಆ ಹದಿನಾಲ್ಕನೇ ಮಹಡಿಯಲ್ಲಿ ಕೂತು ನೀನು ಫೋನಿಗೆ ಗರ್ಭಸಂಸ್ಕಾರದ ಆ್ಯಪ್ ಹಾಕಿಕೊಂಡಿದ್ದೀಯಂತೆ. ಬೆಳಿಗ್ಗೆ ಇಷ್ಟು ಹೊತ್ತು ವೀಣೆ, ಮಧ್ಯಾಹ್ನ ಇಷ್ಟು ಹೊತ್ತು ಸ್ತೋತ್ರ, ಮಲಗುವ ಮುಂಚೆ ಮೊಜಾರ್ಟ್ ಎಂದು ಅದು ಪಟ್ಟಿ ಕೊಡುತ್ತದಂತೆ. ಆಫೀಸಿನಿಂದ ಸೋತು ಬಂದು ಒಂದು ದಿನ ಕೇಳದೆ ಮಲಗಿಬಿಟ್ಟರೆ ಮಾರನೆಯ ದಿನವೆಲ್ಲ ಮಗುವಿಗೆ ಏನೋ ತಪ್ಪಿಸಿಬಿಟ್ಟೆನೆಂದು ಕೊರಗುತ್ತೀಯಂತೆ. ಹೊಟ್ಟೆಗೆ ಕಟ್ಟಿಕೊಳ್ಳುವ ಸ್ಪೀಕರ್ ಬೆಲ್ಟ್ ತರಿಸಲೇ ಎಂದೂ ಕೇಳಿದೆಯಂತೆ. ಅದಕ್ಕೇ ಈ ಕಾಗದ.

ಸಂಗೀತ ಕೇಳಬೇಡ ಎಂದು ನಾನು ಹೇಳಿಯೇನೇ? ಮದುವೆಯಾಗಿ ದೆಹಲಿಯ ಆರ್.ಕೆ. ಪುರದ ಸರ್ಕಾರಿ ಕ್ವಾರ್ಟರ್ಸಿಗೆ ಬಂದಾಗಿನಿಂದ ಈ ಊರಿನ ಮಕ್ಕಳಿಗೆ ಸರಳೆ, ಜಂಟಿವರಸೆ, ಗೀತೆ ಹೇಳಿಕೊಡುತ್ತಲೇ ತಲೆ ನರೆತವಳು ನಾನು. ಕೇಳು, ಮನಸಾರೆ ಕೇಳು. ಆದರೆ ನಿನಗಾಗಿ ಕೇಳು. ಮಗುವಿನ ಬುದ್ಧಿ ಬೆಳೆಸುವ ಪಾಠವೆಂದು ಲೆಕ್ಕವಿಟ್ಟು ಕೇಳತೊಡಗಿದರೆ ಸಂಗೀತದಿಂದ ಬರಬೇಕಾದ ನೆಮ್ಮದಿಯೇ ಹೊರಟುಹೋಗುತ್ತದೆ. ನಿನ್ನ ಎದೆ ಹಗುರಾದರೆ ಅದರ ಪಾಲು ಮಗುವಿಗೆ ತಾನಾಗಿ ಸೇರುತ್ತದೆ. ಮಗುವಿಗೆಂದೇ ಏನಾದರೂ ಕೊಡಬೇಕು ಅನ್ನಿಸಿದರೆ ನಿನ್ನ ಕೊರಳಿದೆ. ಆ ಮಗುವಿಗೆ ಅದಕ್ಕಿಂತ ಹತ್ತಿರದ ವಾದ್ಯ ಇನ್ನೊಂದಿಲ್ಲ.

ಈ ವಿಷಯ ಬಂದಾಗಲೆಲ್ಲ ಜನ ಮೊದಲು ತೆಗೆಯುವುದು ಅಭಿಮನ್ಯುವಿನ ಕಥೆ. ಚಕ್ರವ್ಯೂಹ ಹೊಗುವುದನ್ನು ಹೊಟ್ಟೆಯೊಳಗೇ ಕೇಳಿಸಿಕೊಂಡ, ಅಷ್ಟರಲ್ಲಿ ಸುಭದ್ರೆಗೆ ನಿದ್ದೆ ಬಂತು, ಹೊರಬರುವುದನ್ನು ಕಲಿಯಲಾಗಲಿಲ್ಲ, ಅದಕ್ಕೇ ಕುರುಕ್ಷೇತ್ರದಲ್ಲಿ ಸತ್ತ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಹರಿಕಥೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಈಗ ಈ ವಯಸ್ಸಿನಲ್ಲಿ ಅದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಹದಿನಾರರ ಹುಡುಗನನ್ನು ಅತಿರಥ ಮಹಾರಥರೆಲ್ಲ ಸೇರಿ ಮುತ್ತಿ ಕೊಂದರು. ಜಯದ್ರಥ ಪಾಂಡವರನ್ನು ಬಾಗಿಲಲ್ಲೇ ತಡೆದ. ಇವರೆಲ್ಲರ ತಪ್ಪು ಹಿಂದಕ್ಕೆ ಸರಿದು, ಯಾವುದೋ ರಾತ್ರಿ ಕಣ್ಣು ಮುಚ್ಚಿದ ಬಸುರಿ ಹೆಂಗಸಿನ ಮೇಲೆ ಹೊರೆ ಬೀಳುತ್ತದೆ. ಬಸುರಿಗೆ ನಿದ್ದೆ ಬಂದರೆ ಮಲಗಬೇಕು. ಅವಳ ನಿದ್ದೆ ಮಗುವಿಗೆ ನಷ್ಟವೆಂದು ಯಾವ ಆ್ಯಪ್ ಹೇಳಿದರೂ ನಂಬಬೇಡ.

ಕಥೆಯೇ ಬೇಕಿದ್ದರೆ ಭಾಗವತದ ಕಯಾಧುವಿನ ಕಥೆಯನ್ನು ನೆನೆಸಿಕೋ. ಹಿರಣ್ಯಕಶಿಪು ತಪಸ್ಸಿಗೆ ಹೋಗಿದ್ದಾಗ ಇಂದ್ರ ಅವನ ಬಸುರಿ ಹೆಂಡತಿಯನ್ನು ಸೆರೆಹಿಡಿದು ಎಳೆದೊಯ್ಯುತ್ತಾನೆ. ದಾರಿಯಲ್ಲಿ ನಾರದರು ತಡೆದು ಬಿಡಿಸುತ್ತಾರೆ. ಆಶ್ರಮಕ್ಕೆ ಕರೆತಂದು, ನಿನ್ನ ಗಂಡ ಬರುವ ತನಕ ಇಲ್ಲೇ ನಿರ್ಭಯವಾಗಿ ಇರಮ್ಮ ಎನ್ನುತ್ತಾರೆ. ಉಪದೇಶ ಆಮೇಲೆ ಬರುತ್ತದೆ, ಅದೂ ತಾಯಿಗೆ. ಹೊಟ್ಟೆಯೊಳಗಿನ ಪ್ರಹ್ಲಾದ ಅದನ್ನು ಕೇಳಿಸಿಕೊಂಡ ಎಂಬುದನ್ನಷ್ಟೇ ನಾವು ಹಿಡಿದುಕೊಂಡಿದ್ದೇವೆ. ಮೊದಲು ಆ ಹೆಂಗಸಿನ ಭಯ ಹೋಯಿತು, ಇರಲು ಒಂದು ನೆಲೆ ಸಿಕ್ಕಿತು ಎಂಬುದು ಯಾರ ನಾಲಿಗೆಗೂ ಬರುವುದಿಲ್ಲ. ನಮ್ಮ ಸೀಮಂತದ ವಿಧಿಯಲ್ಲೂ ಇದೇ ಇದೆ. ಆಶ್ವಲಾಯನ ಗೃಹ್ಯಸೂತ್ರದ ಸೀಮಂತೋನ್ನಯನದಲ್ಲಿ, ಹೆಂಡತಿಯ ಬೈತಲೆ ತೆಗೆದ ಮೇಲೆ ಇಬ್ಬರು ವೀಣೆಗಾರರಿಗೆ ಸೋಮರಾಜನನ್ನು ಕುರಿತು ಹಾಡಿರೆಂದು ಹೇಳಬೇಕು ಎಂದಿದೆ. ತಾಯಿ ಕೂತಿರುತ್ತಾಳೆ, ಸುತ್ತ ಮನೆಯವರಿರುತ್ತಾರೆ, ಎದುರಿಗೆ ಮನುಷ್ಯರು ಹಾಡುತ್ತಾರೆ. ಸಂಗೀತ ಸಲ್ಲುತ್ತಿದ್ದದ್ದು ಅವಳಿಗೆ.

ಇನ್ನು ಮಗುವಿಗೆ ಏನು ಕೇಳಿಸುತ್ತದೆ ಎಂಬ ವಿಚಾರ. ಇದು ನನಗೆ ಬಹಳ ಇಷ್ಟದ ವಿಚಾರವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಹತ್ತೊಂಬತ್ತು ಇಪ್ಪತ್ತನೇ ವಾರದ ಹೊತ್ತಿಗೆ ಕೆಲವು ಮಕ್ಕಳು ತಗ್ಗು ಸ್ಥಾಯಿಯ ಸದ್ದಿಗೆ ಮಿಸುಕಾಡುವುದು ಸ್ಕ್ಯಾನಿಂಗ್‌ನಲ್ಲಿ ಕಂಡಿದೆ. ಇಪ್ಪತ್ತೈದನೇ ವಾರದಿಂದ ಈಚೆಗೆ ಸದ್ದಾದರೆ ಕಣ್ಣು ಪಿಳುಕಿಸುವುದು, ಬೆಚ್ಚುವುದು ಶುರುವಾಗುತ್ತದೆ. ಏಳನೇ ತಿಂಗಳಿಗೆ ಕಿವಿ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಅಂದರೆ ಎರಡನೇ ತಿಂಗಳಿನಿಂದಲೇ ನೀನು ಇಷ್ಟು ಹೊತ್ತು ಅಷ್ಟು ಹೊತ್ತು ಎಂದು ಕೇಳಿಸಿದ್ದರಲ್ಲಿ ಆ ಕಿವಿಗೆ ತಲುಪಿದ್ದು ಹೆಚ್ಚುಕಡಿಮೆ ಏನೂ ಇಲ್ಲ. ನಿನಗೆ ಹಿತವಾಗಿದ್ದರೆ ಅದೇ ಲಾಭ.

ಕಿವಿ ತೆರೆದ ಮೇಲೂ ನಮಗೆ ಕೇಳಿಸಿದ ಹಾಗೆ ಅದಕ್ಕೆ ಕೇಳಿಸುವುದಿಲ್ಲ. ನಿನ್ನ ಹೃದಯದ ಬಡಿತ, ರಕ್ತ ಹರಿಯುವ ಸದ್ದು, ಕರುಳಿನ ಗುಡುಗುಡು ಅಲ್ಲಿ ಸದಾ ಇದ್ದೇ ಇರುತ್ತದೆ. ಹೊರಗಿನ ದನಿ ನಿನ್ನ ಮೈಯನ್ನೂ ಗರ್ಭಜಲವನ್ನೂ ದಾಟಿ ಹೋಗಬೇಕು. ಪಕ್ಕದ ಮನೆಯ ರೇಡಿಯೋ ಗೋಡೆಯಾಚೆಯಿಂದ ಕೇಳಿಸುತ್ತದಲ್ಲ, ಹೆಚ್ಚುಕಡಿಮೆ ಹಾಗೆ: ತಗ್ಗು ಸ್ವರಗಳು ಒಳಗೆ ಬರುತ್ತವೆ, ಏರು ಸ್ವರಗಳು ಸವೆದುಹೋಗುತ್ತವೆ. ಮೃದಂಗದ ಎಡಗಡೆಯ ತೊಪ್ಪಿಯ ಗುಂಕಾರ ತಲುಪೀತು, ಕೊಳಲಿನ ತಾರಸ್ಥಾಯಿ ಬಹುಮಟ್ಟಿಗೆ ಕರಗಿಹೋದೀತು. ಹಾಡಿದರೆ ಅಕ್ಷರಗಳು ಕಲಸಿಕೊಳ್ಳುತ್ತವೆ. ಏರಿಳಿತ ಮತ್ತು ಲಯ ಉಳಿಯುತ್ತವೆ. ನಮ್ಮ ಶಾಸ್ತ್ರದಲ್ಲಿ ಧಾತು, ಮಾತು ಅಂತ ಹೇಳುತ್ತಾರಲ್ಲ, ಮಗುವಿಗೆ ಸಿಗುವುದು ಧಾತು. ಆದ್ದರಿಂದ ಇಂಥ ಸ್ತೋತ್ರದ ಅರ್ಥ ಮಗುವಿಗೆ ಹತ್ತುತ್ತದೆ, ಇಂಥ ಶ್ಲೋಕದಿಂದ ಇಂಥ ಗುಣ ಬರುತ್ತದೆ ಎಂಬ ಮಾತುಗಳನ್ನು ನಾನು ಒಪ್ಪುವುದಿಲ್ಲ. ಸ್ತೋತ್ರ ಹೇಳಿಕೊಂಡರೆ ನಿನ್ನ ಮನಸ್ಸು ನಿಲ್ಲುತ್ತದೆ ಅನ್ನುವುದಾದರೆ ಖಂಡಿತ ಹೇಳಿಕೋ, ನಾನೂ ಹೇಳಿಕೊಳ್ಳುತ್ತೇನೆ.

ಈ ಗೋಡೆಯನ್ನು ದಾಟಬೇಕಿಲ್ಲದ ದನಿ ಒಂದೇ ಒಂದು, ತಾಯಿಯದು. ನಿನ್ನ ದನಿ ಗಾಳಿಯಲ್ಲಿ ಹೋಗಿ ಮತ್ತೆ ಹೊಟ್ಟೆಯ ಮೂಲಕ ಒಳಕ್ಕೆ ಬರುವುದರ ಜೊತೆಗೆ ಮೂಳೆ, ಮಾಂಸದಲ್ಲೇ ಇಳಿಯುತ್ತದೆ. ಒಮ್ಮೆ ಮಾಡಿ ನೋಡು: ಬೆನ್ನಿಗೆ ದಿಂಬು ಕೊಟ್ಟು ಕೂತುಕೋ, ಒಂದು ಅಂಗೈಯನ್ನು ಎದೆಮೂಳೆಯ ಮೇಲಿಡು, ಇನ್ನೊಂದನ್ನು ಹೊಟ್ಟೆಯ ಮೇಲಿಡು. ಬಾಯಿ ಮುಚ್ಚಿ, ನಿನಗೆ ಸುಲಭವಾದ ತಗ್ಗಿನ ಷಡ್ಜ ಹಿಡಿದು ಗುಂಯ್ ಎನ್ನು. ಮೊದಲು ಎದೆಮೂಳೆ ಕಂಪಿಸುತ್ತದೆ, ಸ್ವಲ್ಪ ಹೊತ್ತಿಗೆ ಪಕ್ಕೆಲುಬು, ಬೆನ್ನು. ಶ್ರುತಿ ಏರಿಸಿದರೆ ಕಂಪನ ತಲೆಗೇರುತ್ತದೆ, ಇಳಿಸಿದರೆ ಕೆಳಗಿಳಿಯುತ್ತದೆ. ಮಂದ್ರದಲ್ಲೇ ಇರು. ಉಸಿರು ಮುಗಿದಾಗ ನಿಲ್ಲಿಸು, ಎಳೆಯಬೇಡ. ಹೀಗೆ ನಾಲ್ಕಾರು ಸಲ ಮಾಡುವಷ್ಟರಲ್ಲಿ ನಿನ್ನ ಉಸಿರೂ ನಿಧಾನವಾಗಿರುತ್ತದೆ. ಹಾಡಲು ಬರುವುದಿಲ್ಲ ಎಂದು ನೀನು ಹೇಳುತ್ತೀ ಎಂದು ಗೊತ್ತು. ಇದಕ್ಕೆ ಹಾಡಲು ಬರಬೇಕಾಗಿಲ್ಲ.

ಮಗು ಈ ದನಿಯನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಇಬ್ಬರು 1980ರಲ್ಲಿ ಎಳೆಗೂಸುಗಳ ಬಾಯಿಗೆ ಚೀಪುವ ನಿಪ್ಪಲ್ ಕೊಟ್ಟು ನೋಡಿದರು. ಒಂದು ಬಗೆಯಲ್ಲಿ ಚೀಪಿದರೆ ತಾಯಿಯ ದನಿ, ಇನ್ನೊಂದು ಬಗೆಯಲ್ಲಿ ಚೀಪಿದರೆ ಬೇರೆ ಹೆಂಗಸಿನ ದನಿ ಕೇಳಿಸುವ ಹಾಗೆ ಏರ್ಪಾಟು. ಹುಟ್ಟಿ ಮೂರು ದಿನವೂ ತುಂಬದ ಕೂಸುಗಳು ತಾಯಿಯ ದನಿ ಬರುವ ಹಾಗೆ ಚೀಪುವುದನ್ನು ಕಲಿತವು. ಬೆಲ್‌ಫಾಸ್ಟ್‌ನ ಪೀಟರ್ ಹೆಪ್ಪರ್ ಎಂಬವರು ಇನ್ನೊಂದು ನೋಡಿದರು. ಬಸುರಿನಲ್ಲಿ ದಿನಾ ಒಂದೇ ಟಿ.ವಿ. ಧಾರಾವಾಹಿ ನೋಡಿದ ತಾಯಂದಿರ ಮಕ್ಕಳು, ಹುಟ್ಟಿದ ಮೇಲೆ ಅದರ ಶೀರ್ಷಿಕೆ ಸಂಗೀತ ಹಾಕಿದರೆ ಅಳು ನಿಲ್ಲಿಸಿ ಕಿವಿಗೊಡುತ್ತಿದ್ದವು. ಆಮೇಲೆ ಅದನ್ನು ಕೇಳಿಸದೆ ಬಿಟ್ಟರೆ ಮೂರು ವಾರದಲ್ಲಿ ಆ ಗುರುತು ಕಾಣದಾಯಿತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಪ್ಪತ್ತೊಂಬತ್ತನೇ ವಾರದಿಂದ ಹೆರಿಗೆಯ ತನಕ ವಾರಕ್ಕೆ ಐದು ಸಲ ಒಂದು ಶಿಶುಗೀತೆಯ ಧಾಟಿ ಕೇಳಿಸಿದ ಮಕ್ಕಳ ಮಿದುಳು ನಾಲ್ಕು ತಿಂಗಳಾದ ಮೇಲೂ ಅದಕ್ಕೆ ಹೆಚ್ಚು ಸ್ಪಂದಿಸಿತು. ಸಣ್ಣ ಅಧ್ಯಯನ, ಕೆಲವೇ ಮಕ್ಕಳು. ಆದರೂ ಒಂದು ಮಾತನ್ನು ಗಮನಿಸು: ಇವೆಲ್ಲವೂ ತೋರಿಸುವುದು ಪರಿಚಯವನ್ನು. ಕೇಳಿದ್ದನ್ನು ಮಗು ಗುರುತು ಹಿಡಿಯುತ್ತದೆ, ಗುರುತಿನ ದನಿ ಕೇಳಿದರೆ ಸಮಾಧಾನವಾಗುತ್ತದೆ. ಬುದ್ಧಿ ಹೆಚ್ಚುತ್ತದೆ, ಗಣಿತ ಬರುತ್ತದೆ ಎಂದು ಇವರಲ್ಲಿ ಯಾರೂ ಹೇಳಲಿಲ್ಲ.

ಮೊಜಾರ್ಟ್ ಕೇಳಿದರೆ ಬುದ್ಧಿ ಬೆಳೆಯುತ್ತದೆ ಎಂಬ ಮಾತು ಹುಟ್ಟಿದ್ದು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಬರಹದಿಂದ. ಅದರಲ್ಲಿ ಭಾಗವಹಿಸಿದವರು ಮೂವತ್ತಾರು ಮಂದಿ ಕಾಲೇಜು ವಿದ್ಯಾರ್ಥಿಗಳು. ಹತ್ತು ಹದಿನೈದು ನಿಮಿಷದಲ್ಲಿ ಅದರ ಪರಿಣಾಮ ಇಳಿದುಹೋಗಿತ್ತು. ಬಸುರಿಯರೂ ಇರಲಿಲ್ಲ, ಶಿಶುಗಳೂ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರು ಹುಟ್ಟಿದ ಮಗುವಿಗೆಲ್ಲ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು ಬಜೆಟ್ಟಿನಲ್ಲಿ ಹಣ ಕೇಳಿದರು. ಅಲ್ಲಿಂದ ಬೆಳೆದ ವ್ಯಾಪಾರವೇ ನಿನ್ನ ಫೋನಿಗೂ ಬಂದು ಕೂತಿದೆ.

ನಮ್ಮ ದೆಹಲಿಯಲ್ಲೇ ನಡೆದ ಕೆಲಸ ಇದಕ್ಕಿಂತ ಎಷ್ಟೋ ಗಟ್ಟಿಯಾದದ್ದು. ಏಮ್ಸ್‌ನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಡಾ. ಶಶಿ ವಾಧ್ವಾ ಮತ್ತು ಅವರ ಜೊತೆಗಾರರು ಹಲವು ವರ್ಷ ಕೋಳಿಮೊಟ್ಟೆಗಳ ಮೇಲೆ ಇದನ್ನು ಪರೀಕ್ಷಿಸಿದರು. ಕಾವು ಕೂರಿಸಿದ ಹತ್ತನೇ ದಿನದಿಂದ ಮರಿಯಾಗುವ ತನಕ ಕೆಲವು ಮೊಟ್ಟೆಗಳಿಗೆ ತಾಯಿಕೋಳಿಯ ಕೂಗು, ಕೆಲವಕ್ಕೆ ಸಿತಾರ್ ಸಂಗೀತವನ್ನು ಮಾತಿನಷ್ಟೇ ಮೆಲ್ಲಗೆ, ಸುಮಾರು 65 ಡೆಸಿಬಲ್‌ನಲ್ಲಿ ಕೇಳಿಸಿದರು. ಮಿದುಳಿನಲ್ಲಿ ಶ್ರವಣಕ್ಕೂ ಕಲಿಕೆಗೂ ಸಂಬಂಧಿಸಿದ ಭಾಗಗಳಲ್ಲಿ ಬದಲಾವಣೆ ಕಾಣಿಸಿತು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 110 ಡೆಸಿಬಲ್‌ನಷ್ಟು ಜೋರಾದ ಸದ್ದನ್ನೇ ಎರಡು ಬಗೆಯಾಗಿ ಕೊಟ್ಟು ನೋಡಿದರು. ಲಯವಿಲ್ಲದ ಗದ್ದಲ ಕೇಳಿದ ಮರಿಗಳು ದಾರಿ ಹುಡುಕುವ ಪರೀಕ್ಷೆಯಲ್ಲಿ ಹಿಂದೆ ಬಿದ್ದವು. ಸಂಗೀತ ಕೇಳಿದವು ಹಾಗೆ ಬೀಳಲಿಲ್ಲ. ಕೋಳಿಮರಿಯಿಂದ ಮನುಷ್ಯನ ಮಗುವಿಗೆ ನೇರವಾಗಿ ಲೆಕ್ಕ ಹಾಕುವ ಹಾಗಿಲ್ಲ. ನಾನು ಅದರಿಂದ ತೆಗೆದುಕೊಳ್ಳುವುದು ಒಂದೇ ಮಾತು, ಬೆಳೆಯುವ ಕಿವಿಗೆ ಗದ್ದಲ ಒಳ್ಳೆಯದಲ್ಲ. ಈ ದೆಹಲಿಯಲ್ಲಿ ಬಸುರಿ ಚಿಂತೆ ಮಾಡಬೇಕಾದ್ದು ಸಂಗೀತ ಕಡಿಮೆಯಾಯಿತೆಂದಲ್ಲ ಮಗಳೇ, ಸದ್ದು ಹೆಚ್ಚಾಯಿತೆಂದು.

ನವೆಂಬರ್ ಬಂದರೆ ಇಲ್ಲಿ ಮದುವೆಗಳ ಸಾಲು. ಬರಾತಿನ ಬ್ಯಾಂಡು, ಹಿಂದೆ ಜನರೇಟರ್ ಗಾಡಿ, ಅದರ ಮೇಲೆ ಡಿಜೆ. ಶ್ರಾವಣದಲ್ಲಿ ನಿಮ್ಮ ಗಾಜಿಯಾಬಾದ್ ಕಡೆಯ ರಸ್ತೆಗಳಲ್ಲಿ ಕಾಂವಡ ಯಾತ್ರೆಯ ದೊಡ್ಡ ದೊಡ್ಡ ಸ್ಪೀಕರುಗಳು. ಅದೂ ಸಂಗೀತವೇ, ಭಕ್ತಿಯದೇ. ಆದರೆ ಕಿಟಕಿಯ ಗಾಜು ಅದುರುವಷ್ಟು ಜೋರಾದ ತಗ್ಗು ಸದ್ದು ಹೊಟ್ಟೆಯ ಗೋಡೆಯನ್ನು ಸುಲಭವಾಗಿ ದಾಟುತ್ತದೆ. ನೀನು ಕಿವಿಗೆ ಹತ್ತಿ ಇಟ್ಟುಕೊಂಡರೆ ನಿನಗೆ ಆರಾಮ, ಮಗುವಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಸ್ವೀಡನ್‌ನಲ್ಲಿ 1986ರಿಂದ 2008ರವರೆಗೆ ಹುಟ್ಟಿದ 14 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದಾಗ, 85 ಡೆಸಿಬಲ್‌ಗಿಂತ ಹೆಚ್ಚು ಸದ್ದಿನ ಜಾಗದಲ್ಲಿ ಪೂರ್ತಿ ದಿನ ದುಡಿದ ತಾಯಂದಿರ ಮಕ್ಕಳಲ್ಲಿ ಕಿವಿಯ ತೊಂದರೆ ಹೆಚ್ಚಾಗಿ ಕಂಡಿತು. ನಿನ್ನದು ಸಾಫ್ಟ್‌ವೇರ್ ಕಂಪನಿ, ಅಷ್ಟು ಸದ್ದಿರುವುದಿಲ್ಲ. ಒಂದು ಬರಾತ್ ಹಾದುಹೋದರೆ ಏನೂ ಆಗುವುದಿಲ್ಲ, ಹೆದರಬೇಡ. ಆದರೆ ಸೊಸೈಟಿಯ ಪಾರ್ಟಿ ಹಾಲ್‌ನಲ್ಲಿ ಸ್ಪೀಕರಿನ ಮುಂದೆ ಕುರ್ಚಿ ಹಾಕಿ ಕೂರಿಸಿದರೆ ಎದ್ದು ಹಿಂದಕ್ಕೆ ಹೋಗು. ಕೈಯಳತೆಯಲ್ಲಿರುವವರ ಜೊತೆ ಕೂಗಿ ಮಾತಾಡಬೇಕಾದರೆ ಅದು ನೀನು ಬಹಳ ಹೊತ್ತು ಇರುವ ಜಾಗವಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದೆಂದು 2000ದ ಇಸವಿಯ ಶಬ್ದಮಾಲಿನ್ಯ ನಿಯಮವೇ ಹೇಳುತ್ತದೆ. ನಿನ್ನ ಗಂಡ 112ಕ್ಕೆ ಫೋನ್ ಮಾಡಲಿ, ಸಂಕೋಚಪಡುವುದು ಬೇಡ.

ಇದೇ ಕಾರಣಕ್ಕೆ ಆ ಬೆಲ್ಟನ್ನು ತರಿಸಬೇಡ. ಸ್ಪೀಕರನ್ನು ಹೊಟ್ಟೆಗೆ ಒತ್ತಿ ಕಟ್ಟಿದರೆ ಒಳಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದು ನಿನಗೆ ತಿಳಿಯುವುದಿಲ್ಲ. ಮಲಗಿದ ಕೂಸಿಗೆ ಎದ್ದು ಹೋಗಲು ಜಾಗವೂ ಇಲ್ಲ. ಆ ಮಕ್ಕಳು ದಿನದ ಬಹುಭಾಗ ನಿದ್ದೆಯಲ್ಲೇ ಇರುತ್ತವೆ. ಕೋಣೆಯಲ್ಲಿ ಮಾತಿನಷ್ಟೇ ಮೆಲ್ಲಗೆ ಹಾಕಿಕೊಂಡು ಕೇಳು, ಸಾಕು. ಇನ್ನೊಂದು ಎಚ್ಚರಿಕೆ. ಏಳನೇ ತಿಂಗಳ ಮೇಲೆ ಮಗು ದಿನಾ ಹೇಗೆ ಒದೆಯುತ್ತದೆ ಎಂಬುದು ನಿನಗೇ ತಿಳಿದಿರುತ್ತದೆ. ಒಂದು ದಿನ ಮಿಸುಕಾಟ ಕಡಿಮೆ ಅನ್ನಿಸಿದರೆ ಜೋರಾಗಿ ಹಾಡು ಹಾಕಿ ಎಬ್ಬಿಸಿ ನೋಡುತ್ತ ಕೂರಬೇಡ. ಆಗಲೇ ಆಸ್ಪತ್ರೆಗೆ ಹೊರಡು. ತಲೆನೋವು, ಕಣ್ಣು ಮಂಜು, ಮುಖ ಊದುವುದು, ಇವಕ್ಕೂ ಅಷ್ಟೇ. ಇವೆಲ್ಲ ರಾಗದಿಂದ ಇಳಿಯುವ ವಿಷಯಗಳಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ತೈವಾನ್‌ನಲ್ಲಿ 2008ರಲ್ಲಿ 236 ಮಂದಿ ಬಸುರಿಯರ ಅಧ್ಯಯನ ಪ್ರಕಟವಾಯಿತು. ಅರ್ಧದಷ್ಟು ಮಂದಿ ಎರಡು ವಾರ ದಿನಕ್ಕೆ ಅರ್ಧ ಗಂಟೆ ಮೆಲ್ಲನೆಯ ಸಂಗೀತ ಕೇಳಿದರು: ಜೋಗುಳ, ಶಾಸ್ತ್ರೀಯ ಸಂಗೀತ, ಪ್ರಕೃತಿಯ ಸದ್ದುಗಳು, ಹೀಗೆ. ಅವರಲ್ಲಿ ಆತಂಕ, ಒತ್ತಡ, ಮಂಕುತನ ಮೂರೂ ಇಳಿದವು. ಇಂಥ ಫಲಿತಾಂಶ ಬೇರೆ ಕಡೆಗಳಿಂದಲೂ ಬಂದಿದೆ. ನಿನಗೆ ಬೇಕಾದ್ದು ಇದು. ಯಾಕೆಂದರೆ ಇಲ್ಲಿ ಬಸುರಿಯಾಗಿರುವುದು ಎಂಥ ಒಂಟಿತನ ಎಂದು ನನಗೆ ಗೊತ್ತು. ಊರಿನಲ್ಲಾದರೆ ಬೀದಿಯ ಹೆಂಗಸರೆಲ್ಲ ಬಯಕೆ ಏನೆಂದು ಕೇಳುತ್ತಿದ್ದರು. ನನ್ನ ಮೊದಲ ಬಸುರಿನಲ್ಲಿ, ಡಿಸೆಂಬರಿನ ಮಂಜಿನಲ್ಲಿ, ನಿನ್ನ ದೊಡ್ಡಪ್ಪ ಆಫೀಸಿಗೆ ಹೋದರೆ ಸಂಜೆಯ ತನಕ ನನಗೆ ಕನ್ನಡ ಕೇಳಿಸುತ್ತಿರಲಿಲ್ಲ. ಪಕ್ಕದ ಮನೆಯ ಪಂಜಾಬಿ ಬೀಜಿ ಸ್ಟೀಲಿನ ಡಬ್ಬದಲ್ಲಿ ಪಂಜೀರಿ ತಂದುಕೊಟ್ಟು, ನನ್ನ ಕೈ ಹಿಡಿದುಕೊಂಡು ತಮ್ಮೂರಿನ ಹಾಡು ಹೇಳುತ್ತಿದ್ದರು. ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಅವರು ಹೋದ ಮೇಲೆ ಮನಸ್ಸು ಎಷ್ಟೋ ತಿಳಿಯಾಗಿರುತ್ತಿತ್ತು. ಈಗ ನಿನಗೆ ವಿಡಿಯೋ ಕಾಲ್ ಇದೆ, ಆದರೆ ಹೊಗೆಮಂಜಿನ ತಿಂಗಳುಗಳಲ್ಲಿ ಕಿಟಕಿಯನ್ನೂ ತೆರೆಯಲಾಗದೆ ಏರ್ ಪ್ಯೂರಿಫೈಯರ್ ಮುಂದೆ ಕೂರಬೇಕು. ಅದರ ಬೇಸರ ಏನು ಕಡಿಮೆಯೇ?

ಹಾಗಾಗಿ ದಿನದಲ್ಲಿ ಅರ್ಧ ಗಂಟೆ ನಿನ್ನದೆಂದು ಇಟ್ಟುಕೋ. ಎಡಕ್ಕೆ ಒರಗಿಕೋ, ಕಾಲಿಗೆ ದಿಂಬು ಕೊಡು, ಫೋನನ್ನು ಕೈಗೆಟುಕದ ಕಡೆ ಇಟ್ಟು ಹಾಡು ಹಾಕು. ಯಾವ ಹಾಡು ಎಂದು ಕೇಳಬೇಡ. ಮಲ್ಲಿಕಾರ್ಜುನ ಮನ್ಸೂರರ ವಚನವೋ, ರಾಜ್‌ಕುಮಾರರ ಹಳೆಯ ಚಿತ್ರಗೀತೆಯೋ, ಕಾಲೇಜಿನಲ್ಲಿ ಗೆಳತಿಯರ ಜೊತೆ ಕೇಳಿದ್ದೋ, ನಿನಗೆ ಇಷ್ಟವಾದದ್ದು ಯಾವುದಾದರೂ ಸರಿ. ಶಾಸ್ತ್ರೀಯವೇ ಆಗಬೇಕೆಂಬ ಹಟ ನನಗಿಲ್ಲ, ಸಂಗೀತದ ಮೇಷ್ಟ್ರಾಗಿಯೇ ಇದನ್ನು ಹೇಳುತ್ತಿದ್ದೇನೆ. ಕೇಳುತ್ತ ನಿದ್ದೆ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಕೇಳಿದರೂ ಮನಸ್ಸು ಏಳದೆ, ಎರಡು ವಾರವಾದರೂ ಯಾವುದರಲ್ಲೂ ಆಸೆಯಿಲ್ಲದೆ ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳು, ಮುಚ್ಚಿಡಬೇಡ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಂದಾಳು. ಅಂಥ ಮಂಕಿಗೆ ಚಿಕಿತ್ಸೆ ಇದೆ, ಅದನ್ನು ಸಂಗೀತವೊಂದರಿಂದಲೇ ಹೊರಬೇಕಾಗಿಲ್ಲ.

ಮಗುವಿಗೆ ಒಂದು ಹಾಡು, ಒಂದೇ ಒಂದು, ಆರಿಸಿಕೋ. ನಿನ್ನ ಅಜ್ಜಿ ಹೇಳುತ್ತಿದ್ದ ಜೋಗುಳ ನಿನ್ನ ಅಮ್ಮನಿಗೆ ಪೂರ್ತಿ ಬಾಯಿಗೆ ಬರುತ್ತದೆ, ಅವಳಿಂದ ಕಲಿತುಕೋ. ಏಳನೇ ತಿಂಗಳಿಂದ ರಾತ್ರಿ ಮಲಗುವಾಗ ಅದನ್ನೇ ಹಾಡು, ಮರೆತರೆ ಮಾರನೆಯ ದಿನ ಹಾಡು. ಹುಟ್ಟಿದ ಮೇಲೂ ಬಿಡಬೇಡ. ಬೆಲ್‌ಫಾಸ್ಟಿನ ಮಕ್ಕಳ ಕಥೆ ನೆನಪಿದೆಯಲ್ಲ, ಬಿಟ್ಟರೆ ಆ ಗುರುತು ಅಳಿಸುತ್ತದೆ. ನಿನ್ನ ಗಂಡನಿಗೂ ಕಲಿಸು. ಅವನು ಕನ್ನಡದಲ್ಲೇ ಮಾತಾಡಲಿ; ಆಫೀಸಿನ ಮಾತು, ಸೊಸೈಟಿಯ ಜಗಳ, ಏನಾದರೂ ಸರಿ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟಿ ಕೆಲವೇ ದಿನಗಳಾದ ಅರವತ್ತು ಕೂಸುಗಳ ಅಳುವನ್ನು ಅಳೆದು ನೋಡಿದವರಿಗೆ, ಫ್ರೆಂಚ್ ಮನೆಯ ಕೂಸುಗಳ ಅಳು ಏರುತ್ತ ಹೋಗುವುದೂ ಜರ್ಮನ್ ಮನೆಯವುಗಳ ಅಳು ಇಳಿಯುತ್ತ ಬರುವುದೂ ಕಂಡಿತು. ಆ ಭಾಷೆಗಳ ನುಡಿಯ ಧಾಟಿಯೇ ಹಾಗೆ. ಸುತ್ತ ಎಲ್ಲ ಹಿಂದಿಯಿರುವ ಈ ಊರಿನಲ್ಲಿ ನಿನ್ನ ಮಗು ಕನ್ನಡದ ಏರಿಳಿತವನ್ನು ಕೇಳಿಯೇ ಹುಟ್ಟಬೇಕೆಂದು ನನಗೆ ಬಹಳ ಆಸೆ.

ಸೀಮಂತಕ್ಕೆ ನಿನ್ನ ಮನೆಯಲ್ಲಿ ಬ್ಲೂಟೂತ್ ಸ್ಪೀಕರ್ ಬೇಡ. ಕರ್ನಾಟಕ ಸಂಘದ ಪರಿಚಯದ ನಾಲ್ಕೈದು ಜನ ಹೆಂಗಸರನ್ನು ನಾನು ಕರೆತರುತ್ತೇನೆ. ಎಲ್ಲರೂ ಅರವತ್ತು ದಾಟಿದವರು, ಶೋಭಾನೆ ಹೇಳುತ್ತಾರೆ. ಒಬ್ಬರ ಶ್ರುತಿ ಒಬ್ಬರಿಗೆ ಸೇರದೆ ಇರಬಹುದು, ಉಸಿರು ಕಟ್ಟಿ ಮಧ್ಯದಲ್ಲಿ ಬಿಟ್ಟು ಹಿಡಿಯಬಹುದು. ನಿನ್ನ ಕೈಗೆ ಹಸಿರು ಗಾಜಿನ ಬಳೆ ತೊಡಿಸುವಾಗ ಆ ದನಿಗಳೆಲ್ಲ ನಿನ್ನ ಸುತ್ತ ಇರಲಿ. ಬಳೆಯ ಸದ್ದು ಮಗುವಿಗೆ ಕೇಳಿಸಲೆಂದೇ ಬಳೆ ತೊಡಿಸುವುದು ಎನ್ನುತ್ತಾರೆ. ಅಷ್ಟು ಕಿರಿದಾದ ಏರು ಸದ್ದು ಒಳಗೆ ಹೋಗುವುದು ಅನುಮಾನ. ನಿನಗೆ ಕೇಳಿಸುತ್ತದಲ್ಲ, ತೊಡು.

ಹೆರಿಗೆಯ ದಿನಕ್ಕೂ ಹಾಡು ಸಿದ್ಧಮಾಡಿಟ್ಟುಕೋ. 2018ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ, ನೋವು ಸಹಿಸಿಕೊಳ್ಳಲು ನೆರವು ಕೇಳುವ ಆರೋಗ್ಯವಂತ ಗರ್ಭಿಣಿಗೆ ಉಸಿರಾಟ, ಸಂಗೀತ ಇವುಗಳನ್ನೂ ಒದಗಿಸಬಹುದೆಂದು ಶಿಫಾರಸು ಇದೆ. ಹೆರಿಗೆ ಕೋಣೆಯಲ್ಲಿ ಹಾಡು ಹಾಕಲು ಬಿಡುತ್ತಾರೆಯೇ, ಜೊತೆಗೆ ಯಾರನ್ನು ಬಿಡುತ್ತಾರೆ ಎಂದು ಎಂಟನೇ ತಿಂಗಳಲ್ಲೇ ನಿಮ್ಮ ಆಸ್ಪತ್ರೆಯಲ್ಲಿ ಕೇಳಿಕೋ. ಸರ್ಕಾರಿ ಆಸ್ಪತ್ರೆಗಳಲ್ಲೂ ಹೆರುವವಳ ಜೊತೆಗೊಬ್ಬರನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಆ ಹೊತ್ತಿನಲ್ಲಿ ಹಾಡು ಕಿರಿಕಿರಿ ಅನ್ನಿಸಿದರೆ ನಿಲ್ಲಿಸು ಎನ್ನು.

ಅಕಸ್ಮಾತ್ ದಿನ ತುಂಬುವ ಮುಂಚೆಯೇ ಹುಟ್ಟಿ ಮಗುವನ್ನು ಐಸಿಯುನಲ್ಲಿ ಇಡಬೇಕಾಗಿ ಬಂದರೂ ಆ ಜೋಗುಳ ಕೆಲಸಕ್ಕೆ ಬರುತ್ತದೆ. ಅಮೆರಿಕದ 11 ಆಸ್ಪತ್ರೆಗಳಲ್ಲಿ 272 ಅವಧಿಪೂರ್ವ ಶಿಶುಗಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಬಂತು. ಅಪ್ಪ ಅಮ್ಮ ಆರಿಸಿದ ಹಾಡನ್ನೇ ಜೋಗುಳದ ಧಾಟಿಗೆ ಇಳಿಸಿ ಎದುರಿಗೆ ನಿಂತು ಮೆಲ್ಲಗೆ ಹಾಡಿದಾಗ ಕೂಸುಗಳ ಎದೆಬಡಿತ ನಿಧಾನವಾಯಿತು, ಹಾಲು ಕುಡಿಯುವುದು ಸುಧಾರಿಸಿತು. ಹೆತ್ತವರ ಭಯವೂ ಇಳಿಯಿತು. ದಾದಿಯರನ್ನು ಕೇಳಿಕೊಂಡು ಹಾಡು.

ಕೊನೆಯದಾಗಿ, ಕಿವಿಯ ಬಗ್ಗೆ ಇಷ್ಟೆಲ್ಲ ಬರೆದ ಮೇಲೆ ಹೇಳಲೇಬೇಕಾದ್ದು ಒಂದಿದೆ. ಹುಟ್ಟಿದ ಮಗುವಿನ ಶ್ರವಣ ತಪಾಸಣೆ ಮಾಡಿಸದೆ ಆಸ್ಪತ್ರೆಯಿಂದ ಮನೆಗೆ ಬರಬೇಡ. ಮಲಗಿದ ಕೂಸಿನ ಕಿವಿಗೆ ಪುಟ್ಟ ಬಿರಡೆಯಂಥದನ್ನು ಇಟ್ಟು ಕೆಲವೇ ನಿಮಿಷದಲ್ಲಿ ಮಾಡುತ್ತಾರೆ, ನೋವಿಲ್ಲ. ಅಲ್ಲಿ ಆಗದಿದ್ದರೆ ತಿಂಗಳು ತುಂಬುವುದರೊಳಗೆ ಬೇರೆ ಕಡೆ ಮಾಡಿಸು. ಮೊದಲ ಸಲ ಸರಿ ಬರದಿದ್ದರೆ ಗಾಬರಿಯಾಗಬೇಡ, ಕಿವಿಯಲ್ಲಿ ನೀರಿನ ಅಂಶ ಉಳಿದಿದ್ದರೂ ಹಾಗಾಗುತ್ತದೆ. ಎರಡನೇ ಸಲ ಮಾಡಿಸು. ತೊಂದರೆ ಇದೆಯೆಂದಾದರೆ ಮೂರು ತಿಂಗಳೊಳಗೆ ಅದು ಖಚಿತವಾಗಬೇಕು, ಆರು ತಿಂಗಳೊಳಗೆ ಚಿಕಿತ್ಸೆಯೋ ಶ್ರವಣಯಂತ್ರವೋ ಶುರುವಾಗಬೇಕು. ನಿನ್ನ ತವರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ, ದೇಶದ ಮೂಲೆಮೂಲೆಯಿಂದ ಮಕ್ಕಳನ್ನು ಕರೆತರುತ್ತಾರೆ. ಹಾಗೇನಾದರೂ ಆದರೆ ನೀನು ಬಸುರಿನಲ್ಲಿ ಹಾಡಿದ್ದು ಕಡಿಮೆಯಾಯಿತೆಂದೋ ಕೇಳಿದ್ದು ತಪ್ಪಾಯಿತೆಂದೋ ಯಾರಾದರೂ ಅಂದರೆ ಅವರಿಗೆ ನನ್ನ ನಂಬರ್ ಕೊಡು, ನಾನು ಮಾತಾಡುತ್ತೇನೆ. ತಪಾಸಣೆಯ ಚೀಟಿಯನ್ನು ಲಸಿಕೆಯ ಕಾರ್ಡಿನ ಜೊತೆಗೇ ಇಡು, ಕಳೆಯಬೇಡ.

ಇತಿ,
ನಿನ್ನ ದೊಡ್ಡಮ್ಮ